ತಳ್ಳಿಕೊಂಡು ಹೋಗುವ ಸೈಕಲ್ಲು

ನಮ್ಮ ಬೀದಿಗೆ ಹೊಸದಾಗಿ ಬಂದವರು ಯಾರೇ ಇರಲಿ, ನನ್ನನ್ನು ಒಂದು ಸಲ ಕೇಳಿಯೇ ಕೇಳುತ್ತಾರೆ, "ಪಂಕ್ಚರ್ ಆಯ್ತಾ?" ಅಂತ. ಪಾಪ, ಅವರದ್ದೇನೂ ತಪ್ಪಿಲ್ಲ. ಎರಡೂ ಚಕ್ರಕ್ಕೆ ಗಾಳಿ ತುಂಬಿದ, ಬ್ರೇಕು ಬೆಲ್ಲು ಎಲ್ಲ ನೆಟ್ಟಗಿರುವ ಸೈಕಲ್ಲನ್ನು ವಯಸ್ಸಾದ ಹೆಂಗಸೊಬ್ಬಳು ದಿನಾ ಬೆಳಿಗ್ಗೆ ಹಳೇ ಬಸ್‌ಸ್ಟಾಪಿನವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಹತ್ತಿಕೊಂಡು ಹೋದರೆ ಯಾರಿಗಾದರೂ ತಲೆ ಕೆಡುತ್ತದೆ. "ಇಲ್ಲ, ಚೆನ್ನಾಗಿದೆ" ಅಂತ ಹೇಳಿ ಮುಂದೆ ಹೋಗುತ್ತೇನೆ. ಕಾರಣ ಹೇಳಲು ಕೂತರೆ ನಮ್ಮಪ್ಪನಿಂದ ಶುರುಮಾಡಬೇಕು, ಅಷ್ಟು ಹೊತ್ತು ರಸ್ತೆಯಲ್ಲಿ ಯಾರು ನಿಲ್ಲುತ್ತಾರೆ.

ಅಪ್ಪ ಗಾಜು ಕೂರಿಸುವವನು. ಒಡೆದ ಕಿಟಕಿ, ಬಿರುಕು ಬಿಟ್ಟ ಶೋಕೇಸು, ಮಕ್ಕಳ ಚೆಂಡು ತಗುಲಿದ ಬಾಗಿಲು, ಏನಿದ್ದರೂ ಜನ ಅವನನ್ನೇ ಕರೆಯುತ್ತಿದ್ದರು. ಊರವರೆಲ್ಲರ ಸೈಕಲ್ಲು ಮನುಷ್ಯರನ್ನು ಹೊತ್ತರೆ ನಮ್ಮ ಮನೆಯದು ಗಾಜು ಹೊರುತ್ತಿತ್ತು. ಕ್ಯಾರಿಯರ್ ಇರಬೇಕಾದ ಜಾಗದಲ್ಲಿ ಅಪ್ಪ ಒಂದು ಮರದ ಚೌಕಟ್ಟು ಬಿಗಿದಿದ್ದ. ಅದಕ್ಕೆ ಹಳೇ ಕಂಬಳಿ ಹೊದಿಸಿ, ಗಾಜಿನ ಹಾಳೆಗಳನ್ನು ಬಲಬದಿಗೆ ಒರಗಿಸಿ, ನಡುನಡುವೆ ಪೇಪರು ತುರುಕಿ, ಹಗ್ಗ ಸುತ್ತಿ ಬಿಗಿಯುತ್ತಿದ್ದ. ಹ್ಯಾಂಡಲ್ಲಿಗೆ ಗಾಜು ಅಂಟಿಸುವ ಪುಟ್ಟಿಯ ಡಬ್ಬಿ, ಅಂಗಿಯ ಜೇಬಿಗೆ ಗಾಜು ಕೊಯ್ಯುವ ಕಟರು. ಆಮೇಲೆ ತಾನು ಎಡಗಡೆ ನಿಂತು, ಮಗುವಿಗೆ ನಡೆಯಲು ಕಲಿಸುವವನ ಹಾಗೆ ಸೈಕಲ್ಲನ್ನು ನಿಧಾನಕ್ಕೆ ತಳ್ಳಿಕೊಂಡು ಹೊರಡುತ್ತಿದ್ದ.

ಆ ಸೈಕಲ್ಲಿಗೆ ಬೆಲ್ಲಿತ್ತು, ಆದರೆ ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಬೆಲ್ಲು ಹೊಡೆದರೆ ಜನ ತಿರುಗಿ ನೋಡಿ ಅಲ್ಲೇ ನಿಲ್ಲುತ್ತಾರೆ, ಗಾಜು ಅಂದರೆ ನೋಡದೇ ಬದಿಗೆ ಸರಿಯುತ್ತಾರೆ ಅನ್ನುವುದು ಅವನ ಅನುಭವ. ಪೇಟೆಯ ಬೀದಿಗೆ ಬಂದ ಕೂಡಲೇ "ಗಾಜು... ಗಾಜು..." ಅಂತ ರಾಗವಾಗಿ ಹೇಳುತ್ತಾ ಹೋಗುತ್ತಿದ್ದ. ಎಂಥ ಗಡಿಬಿಡಿಯವರೂ, ಎಂಥ ಜಗಳಗಂಟರೂ ಆ ದನಿಗೆ ದಾರಿ ಬಿಡುತ್ತಿದ್ದರು. ಶಾಲೆಗೆ ಹೋಗುವಾಗ ನಾನೂ ತಮ್ಮನೂ ಅವನ ಹಿಂದೆ ಬೀಳುತ್ತಿದ್ದುದು ಅದಕ್ಕೇ, ಅಪ್ಪನ ಹಿಂದೆ ನಡೆದರೆ ಯಾರೂ ಮೈಮೇಲೆ ಬೀಳುತ್ತಿರಲಿಲ್ಲ.

ಸಾಯಂಕಾಲ ಅಪ್ಪ ವಾಪಸ್ಸು ಬರುವಾಗ ಚೌಕಟ್ಟು ಖಾಲಿ. ಆಗಲೂ ಸೈಕಲ್ಲನ್ನು ತಳ್ಳಿಕೊಂಡೇ ಬರುತ್ತಿದ್ದ. ಅಮ್ಮ ಸೇತುವೆಯಾಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ಅವಳೂ ಅದೇ ಹೊತ್ತಿಗೆ ಬಿಡುತ್ತಿದ್ದಳು. ಇಬ್ಬರೂ ಬೀದಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದರು, ನಡುವೆ ಸೈಕಲ್ಲು. ಅಪ್ಪನಿಗೆ ಸೈಕಲ್ಲು ಹೊಡೆಯಲು ಬರುವುದಿಲ್ಲ ಅಂತ ನಾವು ತೀರ್ಮಾನಿಸಿದ್ದೇ ಅದನ್ನು ನೋಡಿ. ಗಾಜಿದ್ದಾಗ ತಳ್ಳುವುದು ಸರಿ, ಖಾಲಿ ಸೈಕಲ್ಲನ್ನು ಯಾರಾದರೂ ತಳ್ಳುತ್ತಾರಾ? ಅಮ್ಮನನ್ನು ಕೇಳಿದರೆ ಅವಳು ಇನ್ನೂ ಒಗ್ಗರಣೆ ಹಾಕುತ್ತಿದ್ದಳು.

"ನಿಮ್ಮಪ್ಪಂಗೆ ಸೈಕಲ್ ಹೊಡೆಯೋಕೆ ಎಲ್ಲಿ ಬರುತ್ತೆ? ವಾಕಿಂಗ್ ಕರ್ಕೊಂಡು ಹೋಗೋಕೆ ಮಾತ್ರ ಬರೋದು."

ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಪ್ಪ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಉಗುರಿನ ಸಂದಿಯ ಪುಟ್ಟಿ ಕೆರೆದುಕೊಳ್ಳುತ್ತಾ ಅಮ್ಮನ ಮುಖವನ್ನೊಮ್ಮೆ ನೋಡುತ್ತಿದ್ದ. ನಮ್ಮದು ಒಂದೇ ಕೋಣೆಯ ಮನೆ. ಅಜ್ಜಿ, ಅಪ್ಪ ಅಮ್ಮ, ನಾನು, ತಮ್ಮ, ಮದುವೆಯಾಗುವವರೆಗೆ ಅಮ್ಮನ ತಂಗಿ ಚಿಕ್ಕಮ್ಮ, ಎಲ್ಲರೂ ಅಲ್ಲೇ. ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರೆಲ್ಲ ಬದಲಿಸಬೇಕು. ಅಂಥ ಮನೆಯಲ್ಲಿ ಒಂದು ಹಾಸ್ಯ ಹುಟ್ಟಿದರೆ ಅದು ಎಲ್ಲರದ್ದೂ ಆಗಿಬಿಡುತ್ತದೆ. ಅಪ್ಪನ ಸೈಕಲ್ಲಿನ ಹಾಸ್ಯ ನಾವು ದೊಡ್ಡವರಾದ ಮೇಲೂ ಹಳಸಲಿಲ್ಲ.

ಆ ಮನೆಯಲ್ಲಿ ಬೆಳೆದು ನಾನೂ ಸೈಕಲ್ಲು ಕಲಿಯಲಿಲ್ಲ. ಕಲಿಯುವುದೆಂದರೆ ಯಾವುದರಲ್ಲಿ? ಇದ್ದದ್ದು ಒಂದು, ಅದರ ಮೇಲೆ ಗಾಜು. ಆದರೆ ಗಾಜಿನ ಋಣ ಮಾತ್ರ ನನ್ನನ್ನು ಬಿಡಲಿಲ್ಲ. ಕನ್ನಡಕದ ಕಾರ್ಖಾನೆಯೊಂದರಲ್ಲಿ ಲೆನ್ಸು ಅರೆಯುವ ಕೆಲಸಕ್ಕೆ ಸೇರಿದೆ. ದುಂಡಗಿನ ಗಾಜನ್ನು ನೀರು ಬಿಡುತ್ತಾ ತಿರುಗುವ ಕಲ್ಲಿಗೆ ಹಿಡಿದು, ಚೌಕಟ್ಟಿಗೆ ಸರಿಯಾಗಿ ಕೂರುವಂತೆ ಅಂಚು ತೆಗೆಯುವುದು. ಕೈ ಒಂದು ಕೂದಲೆಳೆಯಷ್ಟು ಜಾರಿದರೆ ಲೆನ್ಸು ಹಾಳು. ನನಗೆ ಆ ಕೆಲಸ ಇಷ್ಟ. ಮದುವೆ ಅನ್ನುವ ಬಂಡಿ ನಮ್ಮ ಬಾಗಿಲಿಗೆ ಎರಡು ಮೂರು ಸಲ ಬಂದಿತ್ತು. ಅದು ಬಂದಾಗೆಲ್ಲ ನನಗೆ ಹತ್ತಲು ಪುರುಸೊತ್ತಿರಲಿಲ್ಲ, ಪುರುಸೊತ್ತಾದಾಗ ಬಂಡಿ ಬರಲಿಲ್ಲ. ಅದರ ಬಗ್ಗೆ ಕೊರಗೇನೂ ಇಲ್ಲ.

ಅಜ್ಜಿ ಹೋದಳು, ಚಿಕ್ಕಮ್ಮ ಮದುವೆಯಾಗಿ ಹೋದಳು, ತಮ್ಮ ಊರಿನ ಇನ್ನೊಂದು ತುದಿಯಲ್ಲಿ ಸಂಸಾರ ಹೂಡಿದ. ಅಪ್ಪನ ಕೈ ನಡುಗಲು ಶುರುವಾದಾಗ ಕಟರನ್ನು ಎತ್ತಿಟ್ಟು, ಸೈಕಲ್ಲನ್ನು ಇನ್ನೊಬ್ಬ ಗಾಜಿನವನಿಗೆ ಕೊಟ್ಟುಬಿಟ್ಟ. ಆಮೇಲೆ ಅಮ್ಮನೂ ಹೋದಳು. ಆಮೇಲೆ ಇನ್ನೊಂದು ಕೋಣೆ ಸೇರಿಸಿ ಎರಡು ಕೋಣೆಯಾಗಿದ್ದ ಅದೇ ಮನೆಯಲ್ಲಿ ನಾನು ಮತ್ತು ಅಪ್ಪ ಉಳಿದೆವು.

ಅಮ್ಮ ಹೋದ ಮೇಲೆ ಅಪ್ಪನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಒಂದೇ ಕೆಲಸ. ಬೆಳಿಗ್ಗೆ ನನ್ನನ್ನು ಬಸ್‌ಸ್ಟಾಪಿಗೆ ಬಿಡುವುದು. ನಾನು ಬಿಡಿಸಿಕೊಳ್ಳಬೇಕಾದ ವಯಸ್ಸಿನವಳಲ್ಲ, ಅವನು ಬಿಡಬೇಕಾದ ವಯಸ್ಸಿನವನೂ ಅಲ್ಲ. ಆದರೂ ನನಗಿಂತ ಮುಂಚೆ ಎದ್ದು, ಗಡ್ಡ ಕೆರೆದುಕೊಂಡು, ಇಸ್ತ್ರಿ ಅಂಗಿ ಹಾಕಿ, ಶೂ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದ. ಬೇಕರಿ ದಾಟಿ, ಔಷಧಿ ಅಂಗಡಿ ದಾಟಿ, ದೊಡ್ಡ ರಸ್ತೆಯ ಅಂಚಿಗೆ ಹೋಗುವವರೆಗೆ ನಮ್ಮ ಮಾತು. ಈ ಕಿಟಕಿಯ ಗಾಜು ನಾನು ಕೂರಿಸಿದ್ದು, ಆ ಕಿಟಕಿಯದು ಇನ್ಯಾರೋ ಕೂರಿಸಿದ್ದು, ನೋಡು ಹೇಗೆ ಡೊಂಕಾಗಿದೆ, ಇಂಥವೇ. ನನ್ನನ್ನು ಬಸ್ಸು ಹತ್ತಿಸಿ, ಬೇಕರಿಯಲ್ಲಿ ಬ್ರೆಡ್ಡು ಕೊಂಡು, ಬೇಕರಿಯವನ ಹತ್ತಿರ ಒಂದಿಷ್ಟು ಹರಟಿ, ಮನೆಗೆ ಹೋಗುತ್ತಿದ್ದ. ಅದಾದ ಮೇಲೆ ಅವನ ದಿನ ಹೇಗೋ ಉರುಳಿಕೊಂಡು ಹೋಗುತ್ತಿತ್ತು.

ಆಮೇಲೆ ನಮ್ಮ ಬಸ್ಸೇ ನಿಂತುಹೋಯಿತು. ದೊಡ್ಡ ರಸ್ತೆಯನ್ನು ಅಗೆದರು, ಬಸ್ಸನ್ನು ಬೇರೆ ದಾರಿಗೆ ತಿರುಗಿಸಿದರು, ಅಗೆದದ್ದು ಮುಚ್ಚಿದ ಮೇಲೂ ಅದು ಈ ಕಡೆ ತಲೆ ಹಾಕಲಿಲ್ಲ. ಸ್ಟಾಪಿನ ತಗಡಿನ ಚಾವಣಿ, ಕಲ್ಲಿನ ಬೆಂಚು ಮಾತ್ರ ಉಳಿದವು. ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಒಬ್ಬಳು ತನ್ನ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಳು. ಎರಡು ದಿನ ಹೋದೆ. ಗಾಡಿ ಓಡಿಸುತ್ತಾ ಹಿಂದಕ್ಕೆ ತಿರುಗಿ ಅತ್ತೆಯ ಮೇಲೆ ದೂರು ಹೇಳುವವಳು ಅವಳು. ಅವಳ ಅತ್ತೆಗೆ ಏನಾಗುತ್ತದೋ, ನನ್ನ ಪ್ರಾಣ ಮಾತ್ರ ಹೋಗುತ್ತದೆ ಅನ್ನಿಸಿತು.

ತಮ್ಮ ಫೋನಿನಲ್ಲಿ, "ಸಾಕಕ್ಕ, ಕೆಲಸ ಬಿಡು. ಈ ವಯಸ್ಸಲ್ಲಿ ಯಾಕೆ ಒದ್ದಾಡ್ತೀಯ?" ಅಂದ.

"ಈ ವಯಸ್ಸಲ್ಲಿ ಅಂತ ಇನ್ನೊಂದ್ಸಲ ಅಂದ್ರೆ ನೋಡು" ಅಂತ ಫೋನಿಟ್ಟೆ. ನನಗೆ ಸಿಟ್ಟು ಬಂದರೆ ಕಾಲು ಸುಮ್ಮನಿರುವುದಿಲ್ಲ. ಅದೇ ಸಿಟ್ಟಿನಲ್ಲಿ ಮಾರನೆಯ ರಜಾದಿನ ಸೈಕಲ್ ಅಂಗಡಿಗೆ ಹೋದೆ.

ಅಂಗಡಿಯವನು, "ಮೊಮ್ಮಗಳಿಗಾ?" ಅಂತ ಕೇಳಿದ.

"ನನಗೆ."

ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳತೆ ಮಾಡಿ, ಮರುಮಾತಿಲ್ಲದೆ ಒಳಗಿನಿಂದ ಬಾಗಿದ ಚೌಕಟ್ಟಿನದ್ದೊಂದು ತಂದ. ಕಡು ಹಸಿರು ಬಣ್ಣ, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರು. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಾನು ಬಗ್ಗಿ ಚೈನು ನೋಡಿದೆ, ಎದ್ದು ಬೆಲ್ಲು ಹೊಡೆದು ನೋಡಿದೆ, ಬ್ರೇಕು ಹಿಡಿದು ಬಿಟ್ಟೆ. ಏನು ನೋಡುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಕೊಳ್ಳುವವರು ಹಾಗೆ ಮಾಡುತ್ತಾರೆ ಅಂತ ಮಾಡಿದೆ. "ಒಂದು ಸುತ್ತು ಹೊಡೆದು ನೋಡಿ" ಅಂದ. ನಾನು ಅದನ್ನು ಎಡಗಡೆಯಿಂದ ಹಿಡಿದು, ಅಂಗಡಿಯ ಮುಂದೆ ಅತ್ತಿಂದಿತ್ತ ತಳ್ಳಿಕೊಂಡು ಹೋಗಿ ಬಂದು, "ಚೆನ್ನಾಗಿದೆ" ಅಂದೆ. ಆ ಮನುಷ್ಯನ ಬಾಯಿ ತೆರೆದದ್ದು ಹಾಗೇ ಇತ್ತು.

ಮನೆಯವರೆಗೂ ತಳ್ಳಿಕೊಂಡೇ ಬಂದೆ. ದಾರಿಯುದ್ದಕ್ಕೂ ಪರೋಪಕಾರಿಗಳು. ಒಬ್ಬ ಪಂಕ್ಚರಾ ಅಂದ, ಇನ್ನೊಬ್ಬ ಚೈನು ಬಿತ್ತಾ ಅಂದ, ಔಷಧಿ ಅಂಗಡಿಯವಳು ಕಾಲಿಗೆ ಪೆಟ್ಟಾಯಿತಾ ಅಂತ ಮುಲಾಮು ಹಿಡಿದುಕೊಂಡೇ ಹೊರಗೆ ಬಂದಳು. ಹತ್ತಲು ಬರುವುದಿಲ್ಲ ಅಂತ ಹೇಳಲು ನನಗೆ ನಾಲಿಗೆ ಏಳಲಿಲ್ಲ. ನಿಜ ಹೇಳಬೇಕೆಂದರೆ ತಳ್ಳುವಾಗ ನನಗೆ ಏನೂ ತಪ್ಪನ್ನಿಸುತ್ತಲೂ ಇರಲಿಲ್ಲ. ಸೈಕಲ್ಲೆಂದರೆ ಪಕ್ಕದಲ್ಲಿ ನಡೆಯುವಂಥದ್ದು ಅಂತ ಕಣ್ಣಿಗೆ ರೂಢಿಯಾಗಿತ್ತು.

ಅಪ್ಪ ಬಾಗಿಲಲ್ಲೇ ಇದ್ದ. ಸೈಕಲ್ಲನ್ನು ನೋಡಿದವನ ಕಣ್ಣು ಅರಳಿತು. ಟೈರು ಒತ್ತಿದ, ಕಡ್ಡಿಗಳ ಮೇಲೆ ಬೆರಳಾಡಿಸಿ ಸದ್ದು ಕೇಳಿದ, ಸೀಟನ್ನು ಎರಡು ಬೆರಳು ಇಳಿಸಿದ.

"ಕಲಿಸೋರು ಯಾರು?" ಅಂದ.

"ಯಾರನ್ನಾದ್ರೂ ಹಿಡೀತೀನಿ."

"ಯಾರನ್ನೋ ಯಾಕೆ ಹಿಡೀಬೇಕು. ನಾನಿಲ್ವಾ?"

ನನಗೆ ನಗು ಬಂತು. ಅಮ್ಮ ಇದ್ದಿದ್ದರೆ ಈಗೊಂದು ಮಾತು ಎಸೆಯುತ್ತಿದ್ದಳು ಅಂದುಕೊಂಡೆ. ಆದರೆ ಅಪ್ಪನಿಗೆ ಹುಮ್ಮಸ್ಸು ಬಂದಿತ್ತು, ಬಹಳ ದಿನದ ಮೇಲೆ. ಬಿದ್ದರೆ ಬೀಳೋಣ ಅಂತ ಒಪ್ಪಿದೆ.

ಮನೆಯ ಹಿಂದೆ ಮುಚ್ಚಿಹೋದ ಗೋದಾಮೊಂದರ ಅಂಗಳವಿತ್ತು. ಸಿಮೆಂಟಿನ ನೆಲ, ಬಿರುಕುಗಳಲ್ಲಿ ಹುಲ್ಲು. ಅಲ್ಲಿ ನಮ್ಮ ಶಾಲೆ ಶುರುವಾಯಿತು. ಅಪ್ಪ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಬರುತ್ತಿದ್ದ. ನಾನು ಹ್ಯಾಂಡಲ್ಲನ್ನು ಕತ್ತು ಹಿಸುಕುವ ಹಾಗೆ ಹಿಡಿದು, ಮುಂದಿನ ಚಕ್ರವನ್ನೇ ನೋಡುತ್ತಾ ತುಳಿಯುತ್ತಿದ್ದೆ.

"ಚಕ್ರ ಎಲ್ಲಿಗೂ ಓಡಿಹೋಗಲ್ಲ. ಮುಂದೆ ನೋಡು."

"ನೆಲ ಏರುಪೇರಿದೆ ಅಪ್ಪ."

"ಹೌದೌದು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಬಿದ್ದೆ. ಮೊಣಕೈ ತರಚಿತು. ಇನ್ನೊಮ್ಮೆ ಬಿದ್ದೆ. ಬಿದ್ದಾಗೆಲ್ಲ ಎದ್ದು ಬಟ್ಟೆ ಕೊಡವಿಕೊಂಡು, ನಾನೇ ಇಳಿದದ್ದು ಅಂತ ಹೇಳುತ್ತಿದ್ದೆ. ಅಪ್ಪ, "ಸರಿ ಬಿಡು, ಮೀಸೆ ಮಣ್ಣಾಗಲಿಲ್ಲ" ಅನ್ನುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ನಾನು ಸಿಟ್ಟಿನಿಂದ ಸೈಕಲ್ಲನ್ನು ಗೋಡೆಗೆ ಒರಗಿಸಿ, ನನ್ನ ಹಣೆಯಲ್ಲಿ ಇದು ಬರೆದಿಲ್ಲ ಅಂತ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಪ್ಪ ಗೋಡೆಯ ಹತ್ತಿರ ಹೋದ. ಸೈಕಲ್ಲನ್ನು ತಿರುಗಿಸಿ, ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಲ್ಲಿ ನೆಲವನ್ನು ಎರಡು ಸಲ ನೂಕಿ, ಮೈಯನ್ನು ಹಗುರವಾಗಿ ಎತ್ತಿ ಸೀಟಿನ ಮೇಲೆ ಕೂತ. ಅಂಗಳದ ಆ ತುದಿಯವರೆಗೆ ಹೋಗಿ, ಹ್ಯಾಂಡಲ್ಲನ್ನು ಒಂದೇ ಕೈಯಲ್ಲಿ ತಿರುಗಿಸಿ, ನೆಟ್ಟಗೆ ವಾಪಸ್ಸು ಬಂದು ನನ್ನ ಮುಂದೆ ಇಳಿದ. ಉಸಿರು ಮಾತ್ರ ಸ್ವಲ್ಪ ಜೋರಾಗಿತ್ತು.

ನಾನು ಕಟ್ಟೆಯಿಂದ ಯಾವಾಗ ಎದ್ದು ನಿಂತಿದ್ದೆನೋ ಗೊತ್ತಿಲ್ಲ.

"ಅಪ್ಪ, ನಿಂಗೆ ಬರುತ್ತೆ."

"ಬರದೆ ಏನು?"

"ಮತ್ತೆ ಸಾಯಂಕಾಲ ಖಾಲಿ ಸೈಕಲ್ ತಳ್ಕೊಂಡು ಬರ್ತಿದ್ದೆಯಲ್ಲ, ಯಾಕೆ?"

"ಅಭ್ಯಾಸ" ಅಂದ. ಆಮೇಲೆ ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟು, "ಹತ್ತು, ಬಿಸಿಲೇರುತ್ತೆ" ಅಂದ. ಅಂದು ನಾನು ಬೀಳದೆ ಒಂದು ಸುತ್ತು ಬಂದೆ.

ಮೊದಲ ದಿನ ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟದ್ದು ನೆನಪಾದರೆ ಈಗಲೂ ನಗು ಬರುತ್ತದೆ. ದೊಡ್ಡ ರಸ್ತೆ ಹೇಗೋ ದಾಟಿದೆ. ಪೇಟೆಯ ಬೀದಿಗೆ ತಿರುಗುತ್ತಿದ್ದಂತೆ ಎದುರಿಗೆ ಜನವೋ ಜನ. ತರಕಾರಿಯ ಗಾಡಿ, ಹಾಲಿನ ಕ್ರೇಟು, ಶಾಲೆಗೆ ಹೋಗುವ ಮಕ್ಕಳ ದಂಡು. ಬ್ರೇಕು ಎಲ್ಲಿದೆ, ಬೆಲ್ಲು ಎಲ್ಲಿದೆ, ಎಲ್ಲ ಮರೆತುಹೋಯಿತು. ನನ್ನ ಗಂಟಲಿನಿಂದ ತಾನಾಗಿಯೇ ಹೊರಬಿತ್ತು, "ಗಾಜು... ಗಾಜು..." ಅಂತ. ಜನ ಹಿಂದೆ ಮುಂದೆ ನೋಡದೆ ಎರಡೂ ಬದಿಗೆ ಸರಿದರು. ನಾನು ನಡುವೆ ರಾಣಿಯ ಹಾಗೆ ಹೋದೆ. ಹಿಂದಿನಿಂದ ತರಕಾರಿಯವಳು, "ಎಲ್ಲಮ್ಮ ನಿನ್ನ ಗಾಜು?" ಅಂತ ಕೂಗಿದ್ದು ಕೇಳಿಸಿತು. ತಿರುಗಿ ನೋಡುವಷ್ಟು ಸೈಕಲ್ಲು ನನಗಿನ್ನೂ ಬರುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಸ್ಕೂಟರಿನವಳು ಅತ್ತೆಯನ್ನೂ ಮರೆತು ನಕ್ಕಳು. ಆ ದಿನಗಳು ನನಗೆ ಎಷ್ಟು ಚೆನ್ನಾಗಿದ್ದವು ಅಂದರೆ, ಈಗ ಹೇಳಲು ನಾಚಿಕೆಯಾಗುತ್ತದೆ. ಬಸ್ಸಿನ ಕಿಟಕಿಯಿಂದ ಸರಿದುಹೋಗುತ್ತಿದ್ದ ಊರು ಈಗ ನನ್ನ ಮುಖಕ್ಕೇ ಬರುತ್ತಿತ್ತು. ಬೇಕರಿಯ ಬಿಸಿಗಾಳಿ, ಸೇತುವೆಯ ಮೇಲಿನ ತಣ್ಣನೆ ಗಾಳಿ, ಲಾಂಡ್ರಿಯಿದ್ದ ಕಟ್ಟಡದ ಹಳೇ ಸಾಬೂನಿನ ವಾಸನೆ. ಸೇತುವೆಯ ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಜಾರಿಕೊಂಡು ಹೋಗುವಾಗ, ಈ ಸುಖವನ್ನು ಇಷ್ಟು ವರ್ಷ ಯಾಕೆ ಬಿಟ್ಟುಕೊಂಡಿದ್ದೆ ಅಂತ ನನ್ನ ಮೇಲೇ ಕೋಪ ಬರುತ್ತಿತ್ತು.

ನನ್ನ ಗಾಲಿ ತಿರುಗಿದಷ್ಟೂ ಅಪ್ಪನ ಗಾಲಿ ನಿಲ್ಲುತ್ತಾ ಬಂತು. ಮೊದಮೊದಲು ಬಾಗಿಲವರೆಗೆ ಬರುತ್ತಿದ್ದ, ನಾನು ಹತ್ತಿಕೊಂಡು ಹೋಗುವುದನ್ನು ನೋಡಿ ಒಳಗೆ ಹೋಗುತ್ತಿದ್ದ. ಆಮೇಲೆ ಬಾಗಿಲಿಗೂ ಬರಲಿಲ್ಲ. ಗಡ್ಡ ಕೆರೆಯುವುದು ಎರಡು ದಿನಕ್ಕೊಮ್ಮೆ ಆಯಿತು, ವಾರಕ್ಕೊಮ್ಮೆ ಆಯಿತು. ಒಂದು ದಿನ ನಾನು ಸಾಯಂಕಾಲ ಬಂದಾಗ ಬೆಳಿಗ್ಗೆ ಇಟ್ಟುಹೋದ ಟೀ ಲೋಟದಲ್ಲಿ ಕೆನೆಗಟ್ಟಿ ಹಾಗೇ ಇತ್ತು, ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಶೂಗಳ ಮೇಲೆ ಧೂಳು ಕೂತಿತ್ತು. ನನಗೆ ಹೆದರಿಕೆಯಾಯಿತು. ಅಮ್ಮ ಹೋದ ಹೊಸದರಲ್ಲಿ ಹೀಗೇ ಮಲಗಿದ್ದವನನ್ನು ಆ ಬಸ್‌ಸ್ಟಾಪಿನ ದಾರಿ ಎಬ್ಬಿಸಿತ್ತು. ಈ ಸಲ ಮಲಗಿದವನು ಏಳುತ್ತಾನೋ ಇಲ್ಲವೋ ಅಂತ ಅವನ ಪಕ್ಕ ಹೋಗಿ ಕೂತೆ.

"ಏನಾಗುತ್ತೆ ಅಪ್ಪ?"

"ಏನಿಲ್ಲ."

"ನೋವಾ?"

"ಇಲ್ಲ."

ಡಾಕ್ಟರು ಎದೆ, ಬೆನ್ನು, ಹೊಟ್ಟೆ ಎಲ್ಲ ಒತ್ತಿ ನೋಡಿ, ವಯಸ್ಸಿಗೆ ಗಟ್ಟಿಯಾಗಿದ್ದಾರೆ ಅಂದರು. ನಾನು ಸೈಕಲ್ಲಿನಿಂದ ಬೀಳುತ್ತೇನೆ ಅನ್ನುವ ಭಯವೇನೋ ಅಂತ ಹೆಲ್ಮೆಟ್ಟು ತಂದು ಹಾಕಿ ತೋರಿಸಿದೆ. ಚೆನ್ನಾಗಿದೆ ಅಂದು ಮಗ್ಗುಲು ಬದಲಿಸಿದ. ಕಣ್ಣು ಮಂಜಾಗಿರಬೇಕು, ಅದಕ್ಕೇ ಹೊರಗೆ ಹೋಗಲು ಬೇಸರ ಅಂತ ತಮ್ಮ ಹೇಳಿದ. ಅದು ನನ್ನ ಕಸುಬು. ಕಣ್ಣು ಪರೀಕ್ಷೆ ಮಾಡಿಸಿ, ನಾನೇ ಕೂತು ಲೆನ್ಸು ಅರೆದು, ಅಂಚಿಗೆ ಹೊಳಪು ಕೊಟ್ಟು, ಚೌಕಟ್ಟಿಗೆ ಕೂರಿಸಿ ತಂದೆ. ಜೀವಮಾನದಲ್ಲಿ ಅಷ್ಟು ಜತನದಿಂದ ಲೆನ್ಸು ಮಾಡಿರಲಿಲ್ಲ. ಅಪ್ಪ ಹಾಕಿಕೊಂಡು, ತೆಗೆದು, ಗಾಜನ್ನು ಬೆಳಕಿಗೆ ಹಿಡಿದು ನೋಡಿ, "ಒಳ್ಳೇ ಕೆಲಸ" ಅಂದ. ಆಮೇಲೆ ಆ ಹೊಸ ಕನ್ನಡಕದಲ್ಲಿ ಅದೇ ಹಳೇ ಗೋಡೆಯನ್ನು ನೋಡುತ್ತಾ ಮಲಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನನ್ನದೂ ಅದೇ ಕಥೆ.

ಆ ಹೊತ್ತಿಗೆ ಚಿಕ್ಕಮ್ಮ ಬಂದಳು. ಅಪ್ಪನಿಗೆ ಹುಷಾರಿಲ್ಲ ಅಂತ ತಮ್ಮ ಹೇಳಿದ್ದನಂತೆ. ಚಿಕ್ಕಮ್ಮನ ನಾಲಿಗೆಗೆ ಮೂಳೆ ಇಲ್ಲ, ವಯಸ್ಸಾದ ಮೇಲೆ ಬೇಲಿಯೂ ಇಲ್ಲ. ಬಂದವಳೇ ಬಾಗಿಲಲ್ಲಿದ್ದ ಸೈಕಲ್ಲನ್ನು ನೋಡಿ, "ಇದ್ಯಾರದ್ದೇ?" ಅಂದಳು. ನನ್ನದು ಅಂದೆ. ಅಪ್ಪ ಕಲಿಸಿದ ಸಂಗತಿ, ಗೋದಾಮಿನ ಅಂಗಳದಲ್ಲಿ ಸುತ್ತು ಹೊಡೆದ ಸಂಗತಿ, ಎಲ್ಲವನ್ನೂ ಅಡುಗೆಮನೆಯಲ್ಲಿ ಕೂತು ಹೇಳಿದೆ.

"ನೋಡು ಚಿಕ್ಕಮ್ಮ, ಅಪ್ಪಂಗೆ ಸೈಕಲ್ ಬರುತ್ತಿತ್ತಂತೆ. ಅಮ್ಮಂಗೂ ಗೊತ್ತಿರಲಿಲ್ಲ."

ಚಿಕ್ಕಮ್ಮ ಟೀ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು.

"ನಿಮ್ಮಮ್ಮಂಗೆ ಗೊತ್ತಿರಲಿಲ್ವಾ? ಮದುವೆಗೆ ಮುಂಚೆ ಈ ಮಹಾರಾಯ ನಮ್ಮನೆ ಮುಂದೆ ದಿನಾ ಹ್ಯಾಂಡಲ್ ಬಿಟ್ಟು ಸೈಕಲ್ ಹೊಡೀತಿದ್ದ. ನಿಮ್ಮಮ್ಮ ಕಿಟಕಿ ಬಿಟ್ಟು ಅಲ್ಲಾಡ್ತಿರಲಿಲ್ಲ."

"ಮತ್ತೆ ಬರಲ್ಲ ಅಂತ ನಮಗೆ ಹೇಳ್ತಿದ್ಳಲ್ಲ?"

"ಇನ್ನೇನು ಹೇಳ್ಬೇಕಿತ್ತು ನಿಮಗೆ?" ಚಿಕ್ಕಮ್ಮ ದನಿ ತಗ್ಗಿಸಿದಳು. "ಈ ಮನೇಲಿ ಗಂಡ ಹೆಂಡ್ತಿ ಎರಡು ಮಾತಾಡೋಕೆ ಜಾಗ ಎಲ್ಲಿತ್ತೇ? ಅಜ್ಜಿ ಇಲ್ಲಿ, ನಾನು ಅಲ್ಲಿ, ನೀವಿಬ್ರು ನಡುವೆ. ನಾನೂ ಅದೇ ಲಾಂಡ್ರಿಗೆ ಸೇರಿದೆ ನೋಡು, ಮೊದಲೆರಡು ದಿನ ಸಾಯಂಕಾಲ ಅವರ ಜೊತೇಲೇ ಬಂದೆ. ದಾರಿಯುದ್ದಕ್ಕೂ ಇಬ್ರೂ ತುಟಿ ಬಿಚ್ಚಲಿಲ್ಲ. ಆಮೇಲೆ ನಿಮ್ಮಮ್ಮ ನನ್ನ ಪಕ್ಕಕ್ಕೆ ಕರೆದು, ನೀನು ಹಿಂದಿನ ರಸ್ತೇಲಿ ಹೋಗೇ, ನಿನಗೆ ಹತ್ತಿರ ಆಗುತ್ತೆ ಅಂದ್ಲು. ಹತ್ತಿರ ಎಲ್ಲಿ, ಒಂದು ಸುತ್ತು ಜಾಸ್ತಿ. ಅದರಲ್ಲೇ ಹೋಗ್ತಿದ್ದೆ, ಏನ್ಮಾಡಲಿ? ಅವನು ಸೈಕಲ್ ಹತ್ತಿದ್ರೆ ಅವಳೊಬ್ಳೇ ನಡೀಬೇಕಿತ್ತಲ್ಲ."

ನನ್ನ ಕಣ್ಣಿಗೆ ಬೀದಿಯ ತುದಿ ಕಾಣುತ್ತಿತ್ತು. ಖಾಲಿ ಚೌಕಟ್ಟಿನ ಸೈಕಲ್ಲು, ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅಮ್ಮ. ಮನೆ ಹತ್ತಿರವಾದಷ್ಟೂ ಅವರ ಹೆಜ್ಜೆ ನಿಧಾನವಾಗುತ್ತಿತ್ತು. ನಾವು ಕಿಟಕಿಯಿಂದ, ಬೇಗ ಬನ್ನಿ, ಹಸಿವು ಅಂತ ಕೂಗುತ್ತಿದ್ದೆವು. ಅಷ್ಟು ಜನರ ನಡುವೆ ಅವರಿಬ್ಬರಿಗೆ ಇದ್ದ ಕೋಣೆ ಆ ರಸ್ತೆಯೊಂದೇ. ಅದನ್ನು ಕಾಪಾಡಿಕೊಳ್ಳಲು ಸೈಕಲ್ಲು ಬಾರದವನು ಅನ್ನಿಸಿಕೊಂಡು ಅಪ್ಪ ಸುಮ್ಮನಿದ್ದ. ನನಗೆ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ. ಚಿಕ್ಕಮ್ಮ ಗಾಬರಿಯಾಗಿ, "ಅಯ್ಯೋ, ಹಳೇ ಕಥೆಗೆ ಯಾಕೆ ಅಳ್ತೀಯೇ" ಅಂದಳು.

ಹಳೇ ಕಥೆಗಷ್ಟೇ ಅಲ್ಲ. ಬಸ್‌ಸ್ಟಾಪಿನವರೆಗಿನ ದಾರಿ ಏನಾಗಿತ್ತು ಅನ್ನುವುದೂ ನನಗೆ ಆಗಲೇ ತಿಳಿದದ್ದು. ನಾನು ಅಪ್ಪನಿಗೆ ಡಾಕ್ಟರನ್ನು ಕರೆತಂದೆ, ಹೆಲ್ಮೆಟ್ಟು ತಂದೆ, ಕನ್ನಡಕ ತಂದೆ. ಅವನಿಗೆ ಬೇಕಾಗಿದ್ದುದು ಪಕ್ಕದಲ್ಲಿ ನಡೆಯುವವರು.

ಮರುದಿನ ಬೆಳಿಗ್ಗೆ ಸೈಕಲ್ಲನ್ನು ಹೊರಗಿಟ್ಟು ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತೆ.

"ಅಪ್ಪ, ಬಸ್‌ಸ್ಟಾಪಿನವರೆಗೆ ಬಾ."

"ಬಸ್ಸೆಲ್ಲಿದೆ?"

"ಬಸ್ಸಿಲ್ಲ. ಅಲ್ಲಿಂದ ಹತ್ತುತ್ತೀನಿ. ಅಲ್ಲೀವರೆಗೂ ತಳ್ಕೊಂಡು ಹೋಗ್ತೀನಿ."

ಅವನು ಗೋಡೆಯಿಂದ ಈ ಕಡೆ ತಿರುಗಿದ. ಹೊಸ ಕನ್ನಡಕದಲ್ಲಿ ನನ್ನನ್ನು ಬಹಳ ಹೊತ್ತು ನೋಡಿದ. ಚಿಕ್ಕಮ್ಮ ಏನಾದರೂ ಊದಿದಳಾ ಅಂತ ಲೆಕ್ಕ ಹಾಕುತ್ತಿದ್ದನೇನೋ.

"ಸೈಕಲ್ ಇಟ್ಕೊಂಡು ಯಾಕೆ ತಳ್ತೀಯ? ಜನ ನಗ್ತಾರೆ."

"ನಗ್ಲಿ. ನಮ್ಮ ಮನೆತನದ ಅಭ್ಯಾಸ."

"ನಿನಗೆ ತಡ ಆಗುತ್ತೆ."

"ಆಗ್ಲಿ."

ಅವನು ಎದ್ದು ಕೂತ. ಗಲ್ಲದ ಮೇಲೆ ಕೈಯಾಡಿಸಿಕೊಂಡು, "ಸ್ವಲ್ಪ ನಿಲ್ಲು ಹಾಗಾದ್ರೆ, ಗಡ್ಡ ಕೆರ್ಕೋತೀನಿ" ಅಂದ. ನಾನು ಹೊರಗೆ ಸೈಕಲ್ಲಿನ ಪಕ್ಕ ನಿಂತು ಕಾಯುತ್ತಾ, ಒಳಗೆ ನಲ್ಲಿಯ ಸದ್ದು, ಬಟ್ಟಲಿಗೆ ರೇಜರು ಬಡಿಯುವ ಸದ್ದು ಕೇಳಿಸಿಕೊಂಡೆ. ಕಾರ್ಖಾನೆಯ ಹೊತ್ತು ಮೀರುತ್ತಿತ್ತು. ಮೀರಲಿ ಬಿಡು ಅನ್ನಿಸಿತು.

ಅಪ್ಪ ಶೂ ಕಟ್ಟಿಕೊಂಡು ಬಂದ. ಬಂದವನೇ ಎಡಗಡೆ ನಿಂತು ಹ್ಯಾಂಡಲ್ಲನ್ನು ತಾನೇ ಹಿಡಿದ. ನಾನು ಬಲಗಡೆಗೆ ಹೋದೆ, ಅಮ್ಮ ನಡೆಯುತ್ತಿದ್ದ ಕಡೆಗೆ. ಬೇಕರಿಯ ಮುಂದೆ ಬಂದೆವು. ಬೇಕರಿಯವನು ಹೊರಗೆ ಬಂದು, "ಏನು ಯಜಮಾನ್ರೇ, ಎಲ್ಲಿ ಹೋಗಿದ್ರಿ ಇಷ್ಟು ದಿನ?" ಅಂದ. ಆಮೇಲೆ ಸೈಕಲ್ಲನ್ನು ನೋಡಿ, "ಪಂಕ್ಚರಾ?" ಅಂದ.

"ಇಲ್ಲಪ್ಪ, ನಂಗೆ ಹೊಡೆಯೋಕೆ ಬರಲ್ಲ" ಅಂದ ಅಪ್ಪ.

ಅಂದವನು ನನ್ನ ಕಡೆ ನೋಡಲಿಲ್ಲ. ಔಷಧಿ ಅಂಗಡಿ ದಾಟಿದ ಮೇಲೆ ಎದುರಿನ ಮಹಡಿಯ ಕಿಟಕಿಯನ್ನು ಗಲ್ಲದಿಂದ ತೋರಿಸಿ, ಆ ಗಾಜು ಅಳತೆ ತಪ್ಪಿ ಎರಡು ಸಲ ಕೂರಿಸಬೇಕಾಯಿತು, ಅವತ್ತು ನಿಮ್ಮಮ್ಮನ ಜೊತೆ ಜಗಳವಾಗಿತ್ತು, ಅದಕ್ಕೇ ಕೈ ತಪ್ಪಿತು ಅಂದ. ಅಂಥ ಮಾತನ್ನು ಅವನು ನನಗೆ ಹೇಳಿದ್ದು ಅದೇ ಮೊದಲು. ಆಮೇಲೆ ಅವನಿದ್ದ ಅಷ್ಟೂ ವರ್ಷ, ಬೆಳಿಗ್ಗೆ ಆ ದಾರಿಯಲ್ಲಿ, ಒಂದೊಂದಾಗಿ ಹೇಳುತ್ತಾ ಬಂದ.

ಹಳೇ ಸ್ಟಾಪಿನ ಹತ್ತಿರ ಆ ದಿನ ಜನ ಕಿಕ್ಕಿರಿದಿದ್ದರು. ಶಾಲೆಯ ಹೊತ್ತು. ಅಪ್ಪ ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟು, ಟೈರನ್ನೊಮ್ಮೆ ಒತ್ತಿ ನೋಡಿ, ಹಿಂದೆ ಸರಿದು ಕ್ಯಾರಿಯರ್ ಹಿಡಿದುಕೊಂಡ. ನಾನು ಹತ್ತಿದೆ. ಎದುರಿಗೆ ಮಕ್ಕಳು, ಚೀಲ ಹಿಡಿದವರು, ತಳ್ಳುಗಾಡಿ. ಹೇಗೆ ದಾಟಲಿ ಅಂತ ಕಾಲು ತಡವರಿಸಿತು.

ಹಿಂದಿನಿಂದ ದನಿ ಬಂತು. ಕಿರುಚಿದ್ದಲ್ಲ, ಅದೇ ಹಳೇ ರಾಗ, ಸ್ವಲ್ಪ ನಡುಗುತ್ತಿತ್ತು.

"ಗಾಜು... ಗಾಜು..."

ಜನ ತಿರುಗಿ ನೋಡದೆ ಎರಡೂ ಬದಿಗೆ ಸರಿದರು. ಅಪ್ಪ ಕೈ ಬಿಟ್ಟ, ನಾನು ಮುಂದೆ ನೋಡುತ್ತಾ ತುಳಿದೆ.